ನಾಲ್ಕು ಬೆರಳು ಮೇಲೆದ್ದ ಕಲ್ಲು

ಬೆಳಗ್ಗೆ ಬಟ್ಟೆ ಹರವಲು ತಾರಸಿಗೆ ಹೋದಾಗ ಬರೀ ಹಗ್ಗ ನನ್ನ ನೆತ್ತಿಗೆ ತಾಕಿತ್ತು. ಮಧ್ಯಾಹ್ನ ಒಣಗಿದ್ದನ್ನೆಲ್ಲ ಬುಟ್ಟಿಗೆ ತುಂಬಿ ತಲೆ ಎತ್ತಿದರೆ ಅದೇ ಹಗ್ಗ ನೆತ್ತಿಯಿಂದ ಮೇಲಿದೆ. ನಾಲ್ಕೈದು ಗಂಟೆಯಲ್ಲಿ ಕುಗ್ಗಿಹೋಗುವಷ್ಟು ಮುದುಕಿ ನಾನಿನ್ನೂ ಆಗಿಲ್ಲ. ಬೆರಳಿನಿಂದ ಹಗ್ಗವನ್ನು ಮೀಟಿದೆ. ಸಣ್ಣಗೆ ಗುಂಯ್ ಎಂದಿತು.

ಅದು ಕತ್ತಾಳೆ ನಾರಿನ ಹಗ್ಗ. ಮನೆಯಲ್ಲಿ ನೈಲಾನ್ ಹಗ್ಗ ಬಿದ್ದಿದ್ದರೂ ಸಂತೆಯಿಂದ ಇದನ್ನೇ ತರಿಸಿ ಕಟ್ಟಿಸಿಕೊಂಡಿದ್ದೇನೆ. "ಇದು ಚುಚ್ಚುತ್ತೆ ಅತ್ತೆ, ಬಟ್ಟೆಗೆಲ್ಲ ನಾರು ಅಂಟ್ಕೊಳುತ್ತೆ" ಎಂದು ಸೊಸೆ ಗೊಣಗಿದ್ದಳು. ಅಂಟಿಕೊಳ್ಳಲಿ ಬಿಡು ಎಂದಿದ್ದೆ. ಕಾರಣ ಹೇಳಿರಲಿಲ್ಲ.

ದೇವನಹಳ್ಳಿಯ ಈ ಮನೆಯ ತಾರಸಿಯಿಂದ ಬೆಟ್ಟದ ಸಾಲು ಕಾಣುತ್ತದೆ. ತಲೆಯ ಮೇಲೆ ಮೋಡದ ಚೂರೂ ಇರಲಿಲ್ಲ. ಬೆಟ್ಟದ ಹಿಂದೆ ಮಾತ್ರ ಒಂದು ಬಿಳಿ ಮೋಡ ಆಗತಾನೇ ಹಿಂಜಿದ ಹತ್ತಿಯ ಹಾಗೆ ಉಬ್ಬುತ್ತಿತ್ತು. ಮನೆಯ ಹಿಂದೆ ಬೆಟ್ಟದ ಕಡೆಯಿಂದ ಕೆರೆಗೆ ಬರುವ ಕಾಲುವೆ, ಈಗ ಒಣಗಿ ಬಿದ್ದಿದೆ. ಅದರ ಹೂಳು ತೆಗೆಯಲು ಬಂದಿದ್ದ ಐದಾರು ಆಳುಗಳು ಕಾಲುವೆಯೊಳಗೇ, ಮೋರಿಯ ನೆರಳಿನಲ್ಲಿ, ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಒಬ್ಬ ಟವೆಲು ಹಾಸಿ ಮಲಗಿಬಿಟ್ಟಿದ್ದ.

ಬುಟ್ಟಿಯನ್ನು ಅಲ್ಲೇ ಇಟ್ಟು ಹಗ್ಗ ಹಿಡಿದು ನಿಂತೆ. ದೊಡ್ಡಮ್ಮ ನೆನಪಾದಳು... ನೆನಪಾದಳು ಎನ್ನುವುದೂ ಸುಳ್ಳೇ. ಮರೆತಿದ್ದರೆ ತಾನೇ ನೆನಪಾಗುವುದು.

ಅವಳು ನನ್ನ ಸ್ವಂತ ದೊಡ್ಡಮ್ಮನಲ್ಲ. ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಒಂದು ಗಿಡ್ಡ ಮಣ್ಣಿನ ಗೋಡೆ, ಅಷ್ಟೇ ಸಂಬಂಧ. ದೊಡ್ಡಬಳ್ಳಾಪುರದಿಂದ ಆಚೆಗೆ, ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ನಮ್ಮೂರು. ಊರಿಗೆ ಊರೇ ನೇಕಾರರು. ಬೆಳಗಾಯಿತೆಂದರೆ ಮನೆಮನೆಯಿಂದ ಮಗ್ಗದ ಸದ್ದು. ನನಗೆ ಐದು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಮನೆ ನೋಡಿಕೊಳ್ಳಲು ಸೋದರತ್ತೆ ಬಂದಳು. ಅನ್ನ ಹಾಕುವುದರಲ್ಲಾಗಲಿ ಬೈಯುವುದರಲ್ಲಾಗಲಿ ಅವಳು ಎಂದೂ ಕಡಿಮೆ ಮಾಡಲಿಲ್ಲ. ಆದರೆ ನನ್ನನ್ನು ಗೋಡೆಯ ಮೇಲೆ ಕೂರಿಸಿಕೊಂಡು, ಆಚೆ ಕಡೆ ನಿಂತು, ತಲೆಗೆ ಹರಳೆಣ್ಣೆ ಹಚ್ಚಿ ಬಾಚುತ್ತಿದ್ದವಳು ದೊಡ್ಡಮ್ಮ. ಅವಳ ಬೆರಳು ಒರಟು. ಸಿಕ್ಕು ಬಿಡಿಸುವಾಗ ಮಾತ್ರ ಆ ಒರಟು ಬೆರಳು ಎಲ್ಲಿ ಮಾಯವಾಗುತ್ತಿತ್ತೋ ತಿಳಿಯದು.

ದೊಡ್ಡಮ್ಮ ಗಂಡ ಸತ್ತವಳು. ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಬಿಗಿಯಲು ಹೊರಟಾಗ ಅವಳ ಮುಖ ಕಾಣಬಾರದು ಎಂದು ಊರಿನ ನಂಬಿಕೆ. ಆದರೆ ಇವತ್ತು ಹಾಸು ಬಿಗಿಯಬಹುದೋ ಬಾರದೋ ಎಂದು ಹೇಳಬಲ್ಲವಳು ಊರಿಗೆಲ್ಲ ಅವಳೊಬ್ಬಳೇ. ಈ ತೊಡಕನ್ನು ನಮ್ಮ ಗಂಡಸರು ಸಲೀಸಾಗಿ ಬಿಡಿಸಿಕೊಂಡಿದ್ದರು. ಮದುವೆ ಗೊತ್ತಾಗದ ಹೆಣ್ಣುಮಗು ನೋಡಿದರೆ ದೋಷವಿಲ್ಲವಂತೆ. ಹಾಗಾಗಿ ಬೇಸಿಗೆಯ ಪ್ರತಿ ಬೆಳಗ್ಗೆ ನಾನು ಗೋಡೆಯ ಹತ್ತಿರ ಹೋಗಿ ಕೇಳಬೇಕು, ಬಂದು ಅಪ್ಪನಿಗೆ ಹೇಳಬೇಕು, ಅಪ್ಪ ಬೀದಿಗೆ ಹೇಳಬೇಕು. ಅವರಿಗೆ ಅವಳ ಮಾತು ಬೇಕಿತ್ತು, ಮುಖ ಬೇಕಿರಲಿಲ್ಲ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನೇಯುವ ಮೊದಲು ಹಾಸಿನ ನೂಲಿಗೆ ಗಂಜಿ ಹಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಮಗ್ಗದಲ್ಲಿ ಎಳೆಗಳು ಹರಿಯುತ್ತವೆ. ಹಾಸನ್ನು ಉದ್ದಕ್ಕೆ ಬಿಚ್ಚಿ, ಎರಡೂ ತುದಿಯನ್ನು ಹಗ್ಗದಿಂದ ಗೂಟಕ್ಕೆ ಎಳೆದು ಕಟ್ಟಿ, ಜನ ಎರಡು ಕಡೆಯೂ ನಿಂತು ದೊಡ್ಡ ಕುಂಚದಲ್ಲಿ ಗಂಜಿ ತೀಡುತ್ತ ಹೋಗಬೇಕು. ಬೇರೆ ಊರುಗಳಲ್ಲಿ ಇದನ್ನು ಬೀದಿಯಲ್ಲಿ ಮಾಡುತ್ತಿದ್ದರು. ನಮ್ಮ ಬೀದಿ ಸೊಟ್ಟ, ಗಾಡಿಗಳ ಧೂಳು ಬೇರೆ. ಹಾಗಾಗಿ ನಮಗೆ ಊರ ಪಕ್ಕದ ಹಳ್ಳವೇ ಗತಿ. ಬೇಸಿಗೆಯಲ್ಲಿ ಅದರಲ್ಲಿ ಹನಿ ನೀರಿರುತ್ತಿರಲಿಲ್ಲ. ನೇರವಾದ, ಸಮನಾದ ಮರಳು. ಎರಡೂ ದಡದಲ್ಲಿ ಹೊಂಗೆಯ ನೆರಳು. ದೇವರೇ ನೇಕಾರರಿಗೆ ಅಂತ ಮಾಡಿಟ್ಟ ಜಾಗ ಎಂದು ಅಪ್ಪ ಹೇಳುತ್ತಿದ್ದ. ಆ ಹಳ್ಳ ಹುಟ್ಟುವುದು ಬೆಟ್ಟದ ಮೇಲೆ ಎನ್ನುವುದನ್ನು ಮಾತ್ರ ಎಲ್ಲರೂ ಅನುಕೂಲಕ್ಕೆ ತಕ್ಕಂತೆ ಮರೆಯುತ್ತಿದ್ದರು.

ದೊಡ್ಡಮ್ಮ ಮರೆಯುವ ಹಾಗಿರಲಿಲ್ಲ. ನಾನು ಹುಟ್ಟುವುದಕ್ಕೂ ಮುಂಚೆ ಅವಳ ಗಂಡ ಹೋದದ್ದು ಅದೇ ಹಳ್ಳದಲ್ಲಿ, ಹಾಸಿನ ಜೊತೆಗೆ, ಸುಡುಬಿಸಿಲಿನ ಹೊತ್ತಿನಲ್ಲಿ. ಊರಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲವಂತೆ. ಬೆಟ್ಟದ ಆಚೆ ಮಗ್ಗುಲಲ್ಲಿ ಸುರಿದದ್ದು ಇಲ್ಲಿಗೆ ಒಮ್ಮೆಲೇ ನುಗ್ಗಿತಂತೆ.

"ಮಳೇಲಿ ಹೋಗಿದ್ರೆ ಮಳೇನಾದ್ರೂ ಬೈಬೋದಿತ್ತು ಕಣ್ ಮಗಾ. ಬಿಸ್ಲಲ್ಲಿ ನಿಂತಿದ್ದೋರ್ನ ನೀರು ತಗೊಂಡ್ಹೋಯ್ತು" ಎಂದು ಅವಳು ಒಂದೇ ಸಲ ಹೇಳಿದ್ದು. ಆವತ್ತು ಮಧ್ಯಾಹ್ನ ಹಿತ್ತಲಿನ ಬಟ್ಟೆ ಹಗ್ಗ ಬಿಗಿದುಕೊಂಡಿದ್ದನ್ನು ಅವಳು ನೋಡಿದ್ದಳಂತೆ. ಯಾರೋ ಎಳೆದು ಕಟ್ಟಿರಬೇಕು ಎಂದುಕೊಂಡು ಸುಮ್ಮನಾದಳಂತೆ... ಅಲ್ಲಿಂದ ಮುಂದೆ ಅವಳು ಆ ಹಗ್ಗವನ್ನು ನೋಡದೆ ಕಳೆದ ದಿನವಿಲ್ಲ.

ಬಾವಿಯ ಕಲ್ಲುಕಂಬಕ್ಕೂ ನುಗ್ಗೆಮರಕ್ಕೂ ಅವಳು ಕತ್ತಾಳೆ ಹಗ್ಗ ಕಟ್ಟಿದ್ದಳು. ನಡುವೆ ಒಂದು ಕಲ್ಲು ತೂಗುಬಿಟ್ಟಿದ್ದಳು. ನಡುವಿನಲ್ಲಿ ತೋಡು ಬಿದ್ದ, ತೆಂಗಿನಕಾಯಿ ಗಾತ್ರದ ಕಲ್ಲು. ಗಾಳಿ ಒಣಗಿದ್ದರೆ ಹಗ್ಗ ಸಡಿಲವಾಗಿ ಕಲ್ಲು ನೆಲಕ್ಕೆ ಕೂರುತ್ತಿತ್ತು. ಗಾಳಿಯಲ್ಲಿ ತೇವ ಬಂದರೆ ಹಗ್ಗ ಬಿಗಿದುಕೊಂಡು ಕಲ್ಲು ಮೇಲೇಳುತ್ತಿತ್ತು. ಬೆಳಗಿನ ಇಬ್ಬನಿಗೆ ಸ್ವಲ್ಪ ಎದ್ದರೂ ಬಿಸಿಲೇರಿದಂತೆ ಅದು ಇಳಿದು ನೆಲ ಮುಟ್ಟಬೇಕು. ಮುಟ್ಟಿದರೆ ಹಾಸು ಬಿಗಿಯಬಹುದು. ಬಿಸಿಲಿನಲ್ಲೂ ಎರಡು ಬೆರಳು ಮೇಲೇ ನಿಂತಿದ್ದರೆ ಸಂಜೆಗೆ ಬರೀ ಗಾಳಿ ಗುಡುಗು. ನಾಲ್ಕು ಬೆರಳು ಎದ್ದರೆ ಬೆಟ್ಟ ಕೆರಳುತ್ತದೆ, ಹಳ್ಳಕ್ಕೆ ಯಾರೂ ಇಳಿಯಕೂಡದು. ಕಲ್ಲಿನ ಕೆಳಗೆ ಕೈಯಿಟ್ಟು ಬೆರಳು ಎಣಿಸಲು ಅವಳೇ ನನಗೆ ಕಲಿಸಿದಳು.

ಬರೀ ಕಲ್ಲನ್ನೇ ನಂಬಬಾರದು ಎಂದೂ ಕಲಿಸಿದಳು. ಬೆಟ್ಟದ ಮೇಲಿನ ಕೋಟೆಯ ಕಲ್ಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡರೆ ಅನುಮಾನ ಪಡಬೇಕು. ಘಾಟಿ ಹತ್ತುವ ರೈಲಿನ ಏದುಸಿರು ಪಕ್ಕದ ಬೀದಿಯಿಂದ ಬಂದಂತೆ ಕೇಳಿದರೆ ಇನ್ನಷ್ಟು ಅನುಮಾನ ಪಡಬೇಕು. ಮೂಡಣದಿಂದ ಬೀಸುತ್ತಿದ್ದ ಗಾಳಿ ಮಧ್ಯಾಹ್ನದ ಹೊತ್ತಿಗೆ ನಿಂತುಹೋದರೆ ಬಟ್ಟೆಬರೆ ಎತ್ತಿಡಬೇಕು. ಇರುವೆ ಮೊಟ್ಟೆ ಹೊತ್ತುಕೊಂಡು ಹೋಗುತ್ತಿದೆ, ಮಳೆ ಬರುತ್ತಲ್ವಾ ದೊಡ್ಡಮ್ಮ ಎಂದು ನಾನೊಮ್ಮೆ ಜಾಣತನ ತೋರಿಸಿದ್ದೆ. "ಇರುವೆಗೇನ್ ಕೆಲ್ಸ, ದಿನಾ ಮನೆ ಬದಲಾಯಿಸ್ತವೆ" ಎಂದು ನಕ್ಕುಬಿಟ್ಟಿದ್ದಳು.

ಅವಳ ಲೆಕ್ಕ ತಪ್ಪುತ್ತಲೂ ಇತ್ತು. ಕಲ್ಲು ನಾಲ್ಕು ಬೆರಳು ಎದ್ದು, ಹಾಸು ಸುತ್ತಿಟ್ಟು, ಗಂಡಸರೆಲ್ಲ ಜಗಲಿಯ ಮೇಲೆ ಕುಳಿತು ಆಕಾಶ ನೋಡಿದ್ದೇ ಬಂತು, ಮೋಡ ಬೇರೆ ಕಡೆಗೆ ನಡೆದುಬಿಡುತ್ತಿತ್ತು. ಅಂಥ ದಿನ ಅಪ್ಪ ನನ್ನನ್ನು ರೇಗಿಸುತ್ತಿದ್ದ. "ಏನಮ್ಮಾ, ನಿಮ್ ದೊಡ್ಡಮ್ಮನ ಕಲ್ಲಿಗೆ ಇವತ್ತು ಉಪವಾಸವಂತಾ? ಅದಕ್ಕೇ ಹಗುರಾಗಿ ಎದ್ಬಿಡ್ತಾ?" ರೇಗಿಸಿದರೂ ಮಾರನೆಯ ಬೆಳಗ್ಗೆ ನನ್ನನ್ನು ಕಳಿಸುವುದನ್ನು ಅವನು ಮರೆಯುತ್ತಿರಲಿಲ್ಲ.

ನಾನೂ ಒಮ್ಮೆ ಕಿತಾಪತಿ ಮಾಡಿದ್ದೆ. ಹಾಸು ಬಿಗಿಯುವ ದಿನ ಮನೆಯಲ್ಲಿ ನನಗೆ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುವ ಕೆಲಸ ವಿಪರೀತ. ತಪ್ಪಿಸಿಕೊಳ್ಳಲೆಂದು ದೊಡ್ಡಮ್ಮ ಒಳಗಿದ್ದಾಗ ಗೋಡೆ ಹತ್ತಿ, ಬಾವಿಯ ಪಕ್ಕದಲ್ಲಿದ್ದ ಚೊಂಬಿನ ನೀರನ್ನು ಹಗ್ಗಕ್ಕೆ ಎರಚಿದೆ. ಕಲ್ಲು ಮೆಲ್ಲಗೆ ಎದ್ದಿತು. ಓಡಿಹೋಗಿ ಅಪ್ಪನಿಗೆ ಹೇಳಿದೆ. ಆವತ್ತು ಹಾಸು ನಿಂತಿತು. ಸಂಜೆ ತಲೆ ಬಾಚುವಾಗ ದೊಡ್ಡಮ್ಮ ಬೈಯಲಿಲ್ಲ. "ಹಗ್ಗ ಬಾವಿ ಕಡೆ ಮಾತ್ರ ನೆಂದಿತ್ತು. ಗಾಳಿ ಒಂದೇ ತುದಿ ಒದ್ದೆ ಮಾಡಲ್ಲ ಮಗಾ" ಎಂದಳು. ಆಮೇಲೆ ಜಡೆಯನ್ನು ಸ್ವಲ್ಪ ಬಿಗಿಯಾಗಿ ಎಳೆದಳು, ಅಷ್ಟೇ. ಈ ಚೊಂಬಿನ ಕತೆಯನ್ನು ಇಲ್ಲಿ ಸುಮ್ಮನೆ ಹೇಳುತ್ತಿಲ್ಲ. ಇದು ಮುಂದೆ ನನಗೆ ಬೇಕಾಯಿತು, ಬಹಳ ಕೆಟ್ಟ ರೀತಿಯಲ್ಲಿ.

ನನಗೆ ಹದಿನಾರು ತುಂಬಿದಾಗ ಮದುವೆ ಗೊತ್ತಾಯಿತು. ಗಂಡು ಸೂಲಿಬೆಲೆಯ ಕಡೆಯವರು. ನೋಡಲು ಬಂದ ದಿನ ಅವರು ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ತಲೆ ತಗ್ಗಿಸಿ, ಲೋಟದ ಕಾಫಿಯಲ್ಲಿ ಏನೋ ಬಿದ್ದಂತೆ ಅದನ್ನೇ ನೋಡುತ್ತ ಕುಳಿತರು. ನನಗೆ ಅಷ್ಟೇ ಸಾಕಾಯಿತು. ಒಪ್ಪಿಗೆಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಮೂರು ಸಲ ಹೂಂ ಎನ್ನುತ್ತಿದ್ದೆ.

ಮಗಳ ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು ಎನ್ನುವುದು ನಮ್ಮೂರ ರೂಢಿ. ಒಂದು ಹಾಸಿನಲ್ಲಿ ಮೊದಲ ಸೀರೆ ಮದುಮಗಳಿಗೆ, ಉಳಿದದ್ದು ಗಂಡಿನ ಮನೆಯ ಹೆಂಗಸರಿಗೆ. ಯುದ್ಧ ಮುಗಿದಿದ್ದರೂ ನೂಲಿನ ಕಂಟ್ರೋಲು ಮುಗಿದಿರಲಿಲ್ಲ. ರೇಷನ್ ಚೀಟಿಗೆ ಸಿಕ್ಕಿದ ನೂಲಿನಲ್ಲೇ ಅಷ್ಟಿಷ್ಟು ಉಳಿಸಿ, ಅಟ್ಟದ ಮೇಲಿನ ಡಬ್ಬದಲ್ಲಿ ಎರಡು ವರ್ಷದಿಂದ ಕೂಡಿಟ್ಟು, ಅಪ್ಪ ಆ ಹಾಸು ಮಾಡಿದ್ದ. ಹಾಳಾದರೆ ಇನ್ನೊಂದು ಮಾಡುವ ಮಾತೇ ಇರಲಿಲ್ಲ.

ಮದುವೆ ಗೊತ್ತಾದ ದಿನದಿಂದ ಸೋದರತ್ತೆ ನನ್ನನ್ನು ಹಿತ್ತಲಿನ ಗೋಡೆಯ ಹತ್ತಿರ ಬಿಡಲಿಲ್ಲ. "ಇನ್ಮೇಲೆ ನೀನು ಅವಳ ಮುಖ ನೋಡ್ಕೂಡದು. ತಾಳಿ ಬೀಳೋವರ್ಗೂ ಆ ಕಡೆ ತಲೆ ಹಾಕಿದ್ರೆ ನೋಡು." ತಲೆ ಬಾಚುವುದೂ ನಿಂತಿತು. ಇಲ್ಲೇ ನಮ್ಮ ಊರಿನವರು, ನಮ್ಮ ಊರಿನವರು ಮಾತ್ರ ಮಾಡಬಹುದಾದ ಒಂದು ತಪ್ಪು ಮಾಡಿದರು. ಹಗ್ಗದ ಸುದ್ದಿ ತರುತ್ತಿದ್ದವಳು ನಾನೊಬ್ಬಳೇ. ನನ್ನನ್ನು ತಡೆದರು, ನನ್ನ ಬದಲಿಗೆ ಬೇರೆ ಹುಡುಗಿಯನ್ನು ಕಳಿಸುವುದು ಯಾರಿಗೂ ಹೊಳೆಯಲಿಲ್ಲ. ಮದುವೆಯ ಹಾಸಿನ ವಿಷಯಕ್ಕೆ ಅವಳನ್ನು ಕೇಳುವುದೇ ಬೇಡ ಎಂದು ಎಲ್ಲರಿಗೂ ಒಳಗೊಳಗೇ ಅನ್ನಿಸಿರಬೇಕು.

ಪುರೋಹಿತರು ಕೊಟ್ಟ ಒಳ್ಳೆಯ ಗಳಿಗೆ ಮಧ್ಯಾಹ್ನದ್ದು. ನನಗೆ ಅರಿಸಿನ ಹಚ್ಚಿ, ಗಂಜಿಯ ಮಡಕೆಯನ್ನು ನನ್ನಿಂದ ಮುಟ್ಟಿಸಿ, ಅಪ್ಪನೂ ಬೀದಿಯ ಇನ್ನೂ ಐದು ಜನರೂ ಹಳ್ಳದ ಕಡೆ ಹೊರಟರು. ಹುಳಿಬಂದ ಗಂಜಿಯ ವಾಸನೆ ಮನೆಯ ತುಂಬ ಇತ್ತು. ಸೆಖೆಗೆ ಉಸಿರು ಕಟ್ಟುತ್ತಿತ್ತು. ಘಾಟಿಯ ರೈಲು ನಮ್ಮ ಹಿತ್ತಲಿನಲ್ಲೇ ಹೋದಂತೆ ಕೇಳಿಸಿತು... ಕೇಳಿಸಲೇ ಇಲ್ಲ ಎಂದು ಈಗ ಸುಳ್ಳು ಹೇಳಲಾರೆ.

ಸೋದರತ್ತೆ ಅಡುಗೆಮನೆಯಲ್ಲಿದ್ದಾಗ ಕೈ ತೊಳೆಯುವ ನೆಪ ಮಾಡಿ ಹಿತ್ತಲ ಬಾಗಿಲು ತೆರೆದೆ. ಗೋಡೆಯ ಆಚೆ ದೊಡ್ಡಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನನ್ನು ಕಂಡ ಕೂಡಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನಗೆ ಕೇಡಾಗಬಾರದು ಎಂದು! ಮುಖ ಮುಚ್ಚಿಕೊಂಡೇ ಒಂದು ಕೈಯಿಂದ ಕಲ್ಲನ್ನು ತೋರಿಸಿದಳು. ಸುಡುಬಿಸಿಲಿನಲ್ಲಿ ಕಲ್ಲು ನೆಲದಿಂದ ಗೇಣುದ್ದ ಮೇಲಿತ್ತು. ಅಷ್ಟು ಎತ್ತರ ನಾನು ಎಂದೂ ನೋಡಿರಲಿಲ್ಲ. ನಾಲ್ಕು ಬೆರಳು ಎತ್ತಿ ತೋರಿಸಿದಳು, ಮತ್ತೆ ನಾಲ್ಕು ಬೆರಳು ತೋರಿಸಿದಳು.

ನಾನು ತಲೆ ಆಡಿಸಿದೆ. ಹೇಳ್ತೀನಿ ಎಂದು ಅದರ ಅರ್ಥ. ಆರೇಳು ವರ್ಷದಿಂದ ನಮ್ಮಿಬ್ಬರ ನಡುವೆ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ.

ಒಳಗೆ ಬಂದೆ. ಬಾಗಿಲು ಹಾಕಿದೆ. ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಐವತ್ತು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿಲ್ಲದೆ ಕೇಳುವುದಲ್ಲ. ಹೇಳಿದರೆ ಅವಳ ಮುಖ ನೋಡಿದ್ದು ಗೊತ್ತಾಗುತ್ತದೆ. ಹಾಸು ನಿಲ್ಲುತ್ತದೆ, ಗಳಿಗೆ ತಪ್ಪುತ್ತದೆ, ಅಪಶಕುನ ಎನ್ನುತ್ತಾರೆ, ಮದುವೆ ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋದ ಮದುವೆಗಳು ಮುರಿದುಬಿದ್ದದ್ದನ್ನು ಊರಿನಲ್ಲಿ ನೋಡಿದ್ದೆ. ಕಾಫಿಯ ಲೋಟ ನೋಡುತ್ತ ಕುಳಿತಿದ್ದ ಆ ಮುಖ ನನಗೆ ಬೇಕಾಗಿತ್ತು. ಆಗ ನನ್ನ ಚೊಂಬಿನ ನೀರು ನೆನಪಾಯಿತು. ಯಾರೋ ಹುಡುಗರು ಹಗ್ಗಕ್ಕೆ ನೀರು ಎರಚಿರಬೇಕು ಎಂದುಕೊಂಡೆ. ಹಾಗೆ ಅಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ಹಾಗೆಂದುಕೊಂಡೆ. ಹಳ್ಳದಲ್ಲಿ ನಿಂತಿದ್ದವರಲ್ಲಿ ನನ್ನ ಅಪ್ಪನೂ ಇದ್ದ.

ಸ್ವಲ್ಪ ಹೊತ್ತಾಯಿತು. ಆಚೆ ಕಡೆ ದಡಬಡ ಸದ್ದಾಯಿತು. ಬಾಗಿಲ ಸಂದಿಯಿಂದ ನೋಡಿದೆ. ದೊಡ್ಡಮ್ಮ ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಕಿತ್ತುಕೊಂಡು, ಸೆರಗು ಸೊಂಟಕ್ಕೆ ಬಿಗಿದು, ತಲೆಯ ಮೇಲೆ ಬಟ್ಟೆಯೂ ಇಲ್ಲದೆ, ಹಳ್ಳದ ಕಡೆ ಓಡುತ್ತಿದ್ದಳು. ಸೋದರತ್ತೆ ಕೂಗಿಕೊಂಡರೂ ಕೇಳದೆ ಅರಿಸಿನದ ಮೈಯಲ್ಲೇ ನಾನೂ ಓಡಿದೆ.

ನಾನು ದಡ ಮುಟ್ಟುವಷ್ಟರಲ್ಲಿ ಅವಳು ಮರಳಿಗೆ ಇಳಿದಾಗಿತ್ತು. ಕೆಳಗೆ ಹಾಸು ಬಿಸಿಲಿನಲ್ಲಿ ಉದ್ದಕ್ಕೆ ಹೊಳೆಯುತ್ತಿತ್ತು. ಗಂಜಿ ಅರ್ಧದವರೆಗೆ ಬಂದಿತ್ತು. ಗಂಡಸರು ಕುಂಚ ಹಿಡಿದು ಹಾಗೇ ನಿಂತುಬಿಟ್ಟಿದ್ದರು.

"ಅತ್ತಿಗೆ, ಇವತ್ತೊಂದಿನ ಬೇಡ. ಕೈ ಮುಗೀತೀನಿ, ಆ ಕಡೆ ಹೋಗಿ" ಎಂದ ಅಪ್ಪ.

"ಮೇಲ್ ಹತ್ರಪ್ಪಾ, ನೀರು ಬರ್ತೈತೆ!" ಎಂದು ಅವಳು ಕೂಗಿದಳು. ಅವರು ತಲೆ ಎತ್ತಿ ಆಕಾಶ ನೋಡಿದರು. ನೀಲಿ ಆಕಾಶ. ಒಬ್ಬ ನಕ್ಕ. ಇನ್ನೊಬ್ಬ ಕೆಟ್ಟ ಮಾತು ಆಡಿದ. ಅವಳು ಎರಡನೆಯ ಸಲ ಹೇಳಲಿಲ್ಲ. ನೆಟ್ಟಗೆ ಗೂಟದ ಹತ್ತಿರ ಹೋಗಿ, ಹಾಸನ್ನು ಎಳೆದು ಕಟ್ಟಿದ್ದ ಹಗ್ಗವನ್ನು ಕುಡುಗೋಲಿನಿಂದ ಕೊಯ್ದುಬಿಟ್ಟಳು.

ನನ್ನ ಧಾರೆಯ ಹಾಸು ಮರಳಿನ ಮೇಲೆ ಬಿತ್ತು.

ಆ ಗಂಡಸರು ಹಾಕಿದ ಕೂಗು ಇನ್ನೂ ಕಿವಿಯಲ್ಲಿದೆ. ಕುಂಚ ಬಿಸಾಡಿ ಆರು ಜನರೂ ಅವಳನ್ನು ಹೊಡೆಯಲು ಅಟ್ಟಿಸಿಕೊಂಡು ಬಂದರು. ಅವಳು ದಡ ಹತ್ತಿ ಓಡಿದಳು. ಅವರೂ ಹತ್ತಿದರು. ಹೊಂಗೆಮರದ ಬುಡದಲ್ಲಿ, ನಾನು ನಿಂತಿದ್ದ ಕಡೆಯೇ, ಒಬ್ಬ ಅವಳ ಜಡೆಗೆ ಕೈ ಹಾಕಿ ಎಳೆದು ಬೀಳಿಸಿದ. ನನ್ನ ಅಪ್ಪ ಕೈ ಎತ್ತಿದ.

ಎತ್ತಿದ ಕೈ ಹಾಗೇ ನಿಂತಿತು. ಮೊದಲು ಬಂದದ್ದು ವಾಸನೆ. ಹಸಿಮಣ್ಣಿನದು, ಕೊಳೆತ ಎಲೆಯದು. ಆಮೇಲೆ ನೂರು ಗಾಡಿ ಒಟ್ಟಿಗೆ ಕಲ್ಲಿನ ಮೇಲೆ ಉರುಳಿದಂಥ ಸದ್ದು. ತಿರುವಿನಿಂದ ಕೆಂಪು ನೀರು, ಮುಳ್ಳುಕಂಟಿ, ಮರದ ಬೊಡ್ಡೆ ಎಲ್ಲ ಒಂದರ ಮೇಲೊಂದು ಬಿದ್ದು ಬಂತು. ಗೂಟ, ಮಡಕೆ, ಹಾಸು ಒಂದೂ ಉಳಿಯಲಿಲ್ಲ. ಎರಡು ವರ್ಷ ಕೂಡಿಟ್ಟ ನೂಲು ಕಣ್ಣೆದುರೇ ಒಂದು ಸಲ ಸುತ್ತು ತಿರುಗಿ ಮುಳುಗಿತು. ನಮ್ಮ ತಲೆಯ ಮೇಲೆ ಆಗಲೂ ಬಿಸಿಲೇ ಇತ್ತು.

ಅಪ್ಪ ಮೆಲ್ಲಗೆ ಕೈ ಇಳಿಸಿದ. ದೊಡ್ಡಮ್ಮ ಎದ್ದು, ಮೈಮೇಲಿನ ಮಣ್ಣು ಕೊಡವಿಕೊಂಡು, ನನ್ನ ಕಡೆ ಒಮ್ಮೆ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಸೆರಗು ತಲೆಗೆ ಹೊದ್ದು ಮನೆಗೆ ನಡೆದಳು.

ಆರು ಜೀವ ಉಳಿದವು. ಇದನ್ನು ಊರು ಎಷ್ಟು ದಿನ ನೆನಪಿಟ್ಟುಕೊಂಡಿತು ಎಂದರೆ, ಒಂದು ವಾರ. ಆಮೇಲೆ ಒಬ್ಬೊಬ್ಬರೇ ಬೇರೆ ಮಾತು ಶುರು ಮಾಡಿದರು. ಮದುಮಗಳ ಹಾಸು ಕೊಯ್ದಳು, ಅದಕ್ಕೇ ಹಳ್ಳ ಬಂತು ಎಂದರು. ಗಂಡ ಸತ್ತವಳು ಬಂದು ನಿಂತದ್ದರಿಂದಲೇ ಹಾಸು ಹೋಯಿತು ಎಂದರು. ಸೋದರತ್ತೆ ಅಂತೂ ಇದನ್ನು ಬೀದಿಯಲ್ಲೇ ನಿಂತು ಹೇಳಿದಳು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಾನು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವಳು ನನಗೆ ಮೊದಲೇ ತಿಳಿಸಿದ್ದಳು, ನಾನು ಹೇಳಿದ್ದರೆ ಹಾಸೂ ಉಳಿಯುತ್ತಿತ್ತು, ಅವಳ ಮಾನವೂ ಉಳಿಯುತ್ತಿತ್ತು ಎಂದು ಒಂದು ಮಾತು ಹೇಳಲು ನನಗೆ ಧೈರ್ಯವಾಗಲಿಲ್ಲ.

ಮದುವೆ ನಿಲ್ಲಲಿಲ್ಲ. ಅಷ್ಟು ಹೆದರಿದ್ದೆನಲ್ಲ, ಗಂಡಿನ ಮನೆಯವರು ಒಂದು ಮಾತೂ ಆಡಲಿಲ್ಲ. ಅಮ್ಮನ ಹಳೆಯ ಧಾರೆ ಸೀರೆಯುಟ್ಟು ಮದುವೆಯಾದೆ. ಸೂಲಿಬೆಲೆಗೆ ಹೊರಟಾಗ ಗಾಡಿಯಿಂದ ಆ ಹಿತ್ತಲಿನ ಕಡೆ ನೋಡಿದೆ. ಕಲ್ಲುಕಂಬ ಇತ್ತು, ನುಗ್ಗೆಮರ ಇತ್ತು. ನಡುವೆ ಹಗ್ಗ ಇರಲಿಲ್ಲ.

ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಕೂಸನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋದೆ. ಆ ಹೊತ್ತಿಗೆ ಊರಿನವರು ಹಳ್ಳದಲ್ಲಿ ಹಾಸು ಬಿಗಿಯುವುದನ್ನು ಬಿಟ್ಟು ಸೊಟ್ಟ ಬೀದಿಯಲ್ಲೇ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ನಡುವೆ ಒಮ್ಮೆ ದೊಡ್ಡಮ್ಮನನ್ನು ಕೇಳಿ ಬರಲು ಯಾರದೋ ಮನೆಯ ಹುಡುಗಿಯನ್ನು ಕಳಿಸಿದ್ದರಂತೆ. "ಹಗ್ಗ ಬಿಚ್ಚಿಟ್ಟಿದೀನಿ, ಕಣ್ಣೂ ಮಂಜಾಗೈತೆ" ಎಂದು ಹೇಳಿ ಕಳಿಸಿದ್ದಳಂತೆ.

ದೊಡ್ಡಮ್ಮ ಕೂಸನ್ನು ನೋಡಿದಳು. ಮುಟ್ಟಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ನಾನೇ ಕೂಸನ್ನು ಗೋಡೆಯ ಮೇಲಿಂದ ಅವಳ ಕೈಗೆ ಕೊಟ್ಟೆ. ಅದರ ತಲೆಗೂದಲಿನಲ್ಲಿ ಅವಳ ಬೆರಳು ಆಡಿದವು. ಆವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ.

"ದೊಡ್ಡಮ್ಮ, ಆವತ್ತು ನಾನು..." ಎಂದೆ.

ಅವಳು ಕೂಸಿನ ಮೇಲಿನ ಕಣ್ಣು ತೆಗೆಯಲಿಲ್ಲ. "ನೀನು ತಲೆ ಆಡಿಸ್ದಲ್ಲಾ, ಅದಕ್ಕೇ ಅರ್ಧ ಗಳಿಗೆ ಕಾದೆ ಮಗಾ. ಇಲ್ದಿದ್ರೆ ಆಗ್ಲೇ ಓಡೋಗ್ತಿದ್ದೆ" ಎಂದಳು.

ಅಷ್ಟೇ. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಹೀಗಾಯಿತು ಎಂದು ಹೇಳಿದಳು, ಅಷ್ಟೇ. ನನ್ನನ್ನು ನಂಬಿ ಅರ್ಧ ಗಳಿಗೆ ಕಾದಿದ್ದಳು. ಆ ಅರ್ಧ ಗಳಿಗೆ ಇದ್ದಿದ್ದರೆ ಸಮಾಧಾನವಾಗಿ ಹೇಳಿ, ಹಾಸು ಸುತ್ತಿಸಿ, ಎಲ್ಲರನ್ನೂ ಮೇಲಕ್ಕೆ ಕರೆಯಬಹುದಾಗಿತ್ತೇನೋ. ಕುಡುಗೋಲು ಬೇಕಾಗುತ್ತಿರಲಿಲ್ಲ. ತಪ್ಪಾಯಿತು ದೊಡ್ಡಮ್ಮ ಎನ್ನಬೇಕಿತ್ತು. ಕೂಸು ಅತ್ತಿತು, ಸೋದರತ್ತೆ ಕರೆದಳು, ನಾನು ಒಳಗೆ ಹೋದೆ... ಆ ಸಲವೂ ಒಳಗೆ ಹೋದೆ.

ಮುಂದಿನ ಸಲ ಹೋಗುವಷ್ಟರಲ್ಲಿ ಅವಳು ಇರಲಿಲ್ಲ. ಚಳಿಗಾಲದಲ್ಲಿ ಜ್ವರ ಬಂದು ಹೋದಳು ಎಂದು ಅಪ್ಪ ಹೇಳಿದ. ಹೆಗಲು ಕೊಟ್ಟವರಲ್ಲಿ ತಾನೂ ಒಬ್ಬ ಎಂದ. ಕಲ್ಲು ಎಲ್ಲಿ ಎಂದು ಕೇಳಿದೆ. ಯಾವ ಕಲ್ಲು ಎಂದ. ಆ ಹಿತ್ತಲಿನಲ್ಲೆಲ್ಲ ಹುಡುಕಿದೆ. ಸಿಗಲಿಲ್ಲ. ಮಣ್ಣಿನ ಗೋಡೆಯೂ ಆಮೇಲಿನ ಮಳೆಗಾಲದಲ್ಲಿ ಕುಸಿದು ಎರಡೂ ಹಿತ್ತಲು ಒಂದಾಗಿದ್ದವು. ಇನ್ನು ದಾಟಲು ಏನೂ ಅಡ್ಡಿಯಿರಲಿಲ್ಲ, ಆಚೆ ಯಾರೂ ಇರಲಿಲ್ಲ.

ಈಗ ನಾನೂ ಗಂಡನನ್ನು ಕಳೆದುಕೊಂಡವಳು. ಕಾಲ ಬದಲಾಗಿದೆ, ನನ್ನನ್ನು ಕಂಡು ಯಾರೂ ಮುಖ ತಿರುಗಿಸುವುದಿಲ್ಲ. ಆದರೂ ಶುಭಕಾರ್ಯಗಳಲ್ಲಿ ಯಾರೂ ಹೇಳದೆಯೇ ಕಾಲು ಹಿಂದಿನ ಸಾಲಿಗೆ ಹೋಗುತ್ತದೆ. ಅಲ್ಲಿ ಕುಳಿತಾಗೆಲ್ಲ ಸೆರಗಿನಿಂದ ಮುಖ ಮುಚ್ಚಿಕೊಂಡು ನಾಲ್ಕು ಬೆರಳು ಎತ್ತಿದ ಆ ಕೈ ಕಾಣುತ್ತದೆ.

ತಾರಸಿಯ ಹಗ್ಗವನ್ನು ಇನ್ನೊಮ್ಮೆ ಮೀಟಿದೆ. ಬೆಟ್ಟದ ಹಿಂದಿನ ಮೋಡದ ಬುಡ ಕಪ್ಪಾಗಿತ್ತು. ಮಂಡಿನೋವಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದು, ಹಿಂಬಾಗಿಲು ತೆಗೆದು, ಕಾಲುವೆಯ ಅಂಚಿಗೆ ಹೋಗಿ ನಿಂತೆ.

"ಮೇಲ್ ಬನ್ರಪ್ಪಾ, ಬೆಟ್ಟದಲ್ಲಿ ಮಳೆ ಆಗೋ ಹಾಗಿದೆ. ಇಲ್ಲಿಗೆ ನೀರು ನುಗ್ಗುತ್ತೆ" ಎಂದೆ.

ಅವರು ಆಕಾಶ ನೋಡಿದರು. "ಎಲ್ಲೈತಜ್ಜಿ ಮಳೆ? ಬಿಸ್ಲು ಸುಡ್ತೈತೆ" ಎಂದ ಒಬ್ಬ.

"ನಮ್ ಜಗಲಿ ಮೇಲೆ ಕೂತು ಉಣ್ಣಿ. ಮಜ್ಜಿಗೆ ಕೊಡ್ತೀನಿ. ನೀವು ಬರೋವರ್ಗೂ ನಾನು ಇಲ್ಲಿಂದ ಕದಲಲ್ಲ."

ಮಳೆಗಲ್ಲ, ಮಜ್ಜಿಗೆಗೆ ಬಂದರು. ಮಲಗಿದ್ದವನನ್ನು ನಾನೇ ಕೂಗಿ ಎಬ್ಬಿಸಿದೆ. ಗೊಣಗುತ್ತ ಟವೆಲು ಕೊಡವಿಕೊಂಡು ಅವನೂ ಹತ್ತಿದ. ಸೊಸೆ ಮಜ್ಜಿಗೆ ತಂದು ಕೊಟ್ಟು, ಇದೇನು ಹೊಸ ಸಮಾರಾಧನೆ ಎನ್ನುವಂತೆ ನನ್ನ ಮುಖ ನೋಡಿದಳು.

ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು. ದೂರದಲ್ಲಿ ನಾಲ್ಕು ಸಲ ಗುಡುಗಿತು. ಮೋಡ ಬೇರೆ ಕಡೆಗೆ ನಡೆಯಿತು. ಕಾಲುವೆಗೆ ಒಂದು ಹನಿಯೂ ಬರಲಿಲ್ಲ.

"ಏನಜ್ಜಿ, ನಿಮ್ ಮಳೆಗೆ ಇವತ್ತು ರಜಾನಾ?" ಎಂದು ಟವೆಲಿನವನು ರೇಗಿಸಿದ. ಥೇಟು ನಮ್ಮಪ್ಪ ರೇಗಿಸಿದ ಹಾಗೆಯೇ ಇತ್ತು. ನಗುತ್ತಲೇ ಕಣ್ಣು ಒರೆಸಿಕೊಂಡೆ. ಅವರು ನಕ್ಕುಕೊಂಡು ಮತ್ತೆ ಕೆಲಸಕ್ಕೆ ಇಳಿದರು.

ಸಂಜೆ ಬುಟ್ಟಿ ತರಲು ಮತ್ತೆ ತಾರಸಿಗೆ ಹೋದೆ. ಹಗ್ಗ ಸಡಿಲವಾಗಿತ್ತು, ನೆತ್ತಿಗೆ ತಾಕಿತು. ತಾಕಿದ ಕಡೆ ಕೈಯಿಟ್ಟುಕೊಂಡು ಬೆಟ್ಟದ ಕಡೆ ನೋಡುತ್ತ ನಿಂತೆ. ಹೇಳ್ದೆ ಕಣ್ ದೊಡ್ಡಮ್ಮ, ಈ ಸಲ ಹೇಳ್ದೆ ಎಂದೆ. ಆವತ್ತು ತಲೆ ಆಡಿಸಿ ಒಪ್ಪಿಕೊಂಡಿದ್ದ ಮಾತನ್ನು ಮುಟ್ಟಿಸಲು ನನಗೆ ಐವತ್ತು ವರ್ಷ ಹಿಡಿಯಿತು. ಮುಟ್ಟಿಸಿದೆ ಎಂದು ಹೇಳೋಣವೆಂದರೆ, ಕಾದು ನಿಂತಿದ್ದವಳು ಇಲ್ಲ.